ಸುಣ್ಣ, ಮೈಲುತುತ್ತ, ತುಕ್ಕು: ರಾಸಾಯನಿಕ ಕ್ರಿಯೆಗಳನ್ನು ಗುರುತಿಸುವ ಬಗೆ

(ಡಂಬಳದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳು ಮತ್ತು ಶಿಕ್ಷಕರಿಗಾಗಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಡಂಬಳಕ್ಕೆ ದತ್ತಿ ಹೊಸದಲ್ಲ. ಧರ್ಮವೊಳಲು ಎಂದು ಹೆಸರಾಗಿದ್ದ ಈ ಊರಿನ 1095ರ ಶಾಸನವೊಂದು, ಹದಿನಾರು ಸೆಟ್ಟಿಗಳು ಇಲ್ಲಿ ಕಟ್ಟಿಸಿದ ಬೌದ್ಧ ವಿಹಾರಕ್ಕೂ ಲಕ್ಕುಂಡಿಯ ಸೆಟ್ಟಿಯೊಬ್ಬರು ಕಟ್ಟಿಸಿದ ತಾರಾದೇವಿಯ ವಿಹಾರಕ್ಕೂ ಸಂದ ದಾನವನ್ನು ದಾಖಲಿಸಿದೆ. ಯಾರು ಕೊಟ್ಟರು, ಏನು ಕೊಟ್ಟರು, ಎಷ್ಟು ಕೊಟ್ಟರು, ಅದು ಯಾರಿಗೆ ಸೇರಿತು ಎಂಬುದನ್ನು ದಾನಶಾಸನ ಬಿಡದೆ ಹೇಳುತ್ತದೆ. ರಾಸಾಯನಿಕ ಸಮೀಕರಣವೂ ಅಂಥದೇ ಒಂದು ದಾಖಲೆ. ಯಾವ ವಸ್ತು ಏನನ್ನು ಬಿಟ್ಟುಕೊಟ್ಟಿತು, ಅದು ಯಾವುದಕ್ಕೆ ಸೇರಿತು, ಎಷ್ಟು ತೂಕ ಸೇರಿತು ಎಂಬುದನ್ನು ಅದು ಒಂದೇ ಸಾಲಿನಲ್ಲಿ ಬರೆದಿಡುತ್ತದೆ. ಆ ಸಾಲನ್ನು ಓದುವುದು ಹೇಗೆಂದು ಹೇಳುವುದೇ ಇವತ್ತಿನ ನನ್ನ ಕೆಲಸ.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ರಾಸಾಯನಿಕ ಕ್ರಿಯೆಗಳಿಂದಲೇ ಶುರುವಾಗುತ್ತದೆ. ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ, ಬಹಿರುಷ್ಣಕ, ಅಂತರುಷ್ಣಕ, ಉತ್ಕರ್ಷಣ, ಅಪಕರ್ಷಣ ಎಂದು ಹೆಸರುಗಳು ಸಾಲಾಗಿ ಬರುತ್ತವೆ. ಮಕ್ಕಳು ಅವನ್ನು ಬಾಯಿಪಾಠ ಮಾಡುತ್ತಾರೆ. ಆಮೇಲೆ ಪ್ರಶ್ನೆ ಬರುತ್ತದೆ: ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ನಡೆಯುವುದು ಸಂಯೋಗವೋ, ಬಹಿರುಷ್ಣಕವೋ? ಒಂದನ್ನು ಬರೆದರೆ ಇನ್ನೊಂದು ತಪ್ಪಾದೀತೆಂಬ ಹೆದರಿಕೆ ಮಕ್ಕಳಿಗೆ. ಎರಡೂ ಸರಿ ಎಂದು ಹೇಳಿದರೆ ಅವರ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ಈ ಹೆಸರುಗಳೆಲ್ಲ ಒಂದೇ ಪ್ರಶ್ನೆಯ ಉತ್ತರಗಳೆಂದು ತಿಳಿದಿರುವುದರಿಂದ ಈ ಗೊಂದಲ. ನಿಜವಾಗಿ ಇವು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಕೊಡುವ ಉತ್ತರಗಳು. ಮೊದಲನೆಯದು ಜೋಡಣೆಯ ಪ್ರಶ್ನೆ: ಕೂಡಿದವೆ, ಒಡೆದವೆ, ಒಂದು ಇನ್ನೊಂದರ ಜಾಗ ಹಿಡಿಯಿತೆ, ಎರಡು ಜೊತೆಗಳು ಸಂಗಾತಿಗಳನ್ನು ಬದಲಿಸಿಕೊಂಡವೆ? ಎರಡನೆಯದು ಶಾಖದ ಪ್ರಶ್ನೆ: ಶಾಖ ಹೊರಗೆ ಬಂತೆ, ಒಳಗೆ ಹೋಯಿತೆ? ಮೂರನೆಯದು ಎಲೆಕ್ಟ್ರಾನಿನ ಪ್ರಶ್ನೆ: ಯಾವುದು ಎಲೆಕ್ಟ್ರಾನ್ ಕಳೆದುಕೊಂಡಿತು, ಯಾವುದು ಪಡೆಯಿತು? ಯಾವ ಕ್ರಿಯೆಯನ್ನು ಕಂಡರೂ ಈ ಮೂರನ್ನು ಬಿಡಿಬಿಡಿಯಾಗಿ ಕೇಳಬೇಕು. ಇವತ್ತು ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಉದಾಹರಣೆ. ಉದಾಹರಣೆಗಳನ್ನು ನಮ್ಮ ನೆಲದಿಂದಲೇ ಎತ್ತಿಕೊಳ್ಳುತ್ತೇನೆ.

ಕಲ್ಲು ಕಲ್ಲಾಗಿ ಉಳಿದದ್ದು, ಕಲ್ಲು ಸುಣ್ಣವಾದದ್ದು

ಕ್ರಿಯೆ ನಡೆದಿದೆಯೋ ಇಲ್ಲವೋ ಎಂಬುದನ್ನು ಮೊದಲು ಗುರುತಿಸಬೇಕು. ದೊಡ್ಡಬಸಪ್ಪನ ಗುಡಿಯನ್ನು ನೀವೆಲ್ಲ ನೋಡಿದ್ದೀರಿ. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ಶಿಲ್ಪಿಗಳು ಇಪ್ಪತ್ನಾಲ್ಕು ಕೋನಗಳ ನಕ್ಷತ್ರಾಕಾರದ ತಳವಿನ್ಯಾಸದ ಮೇಲೆ ಅದನ್ನು ಕಟ್ಟಿದರು. ಬಳಪದ ಕಲ್ಲಿನ ಜಾತಿಯ ಮೃದುವಾದ ಶಿಲೆಯಾದ್ದರಿಂದ ಉಳಿ ಅಷ್ಟು ಸೂಕ್ಷ್ಮವಾಗಿ ಓಡಿತು. ಅಷ್ಟೊಂದು ಕೆತ್ತಿದರೂ ಕಲ್ಲಿನ ಆಕಾರ ಬದಲಾಯಿತೇ ಹೊರತು ಕಲ್ಲು ಬದಲಾಗಲಿಲ್ಲ. ಉದುರಿದ ಚೂರೂ ಉಳಿದ ಕಂಬವೂ ಒಂದೇ ವಸ್ತು. ಇದು ಭೌತ ಬದಲಾವಣೆ.

ಈಗ ಎರೆ ಹೊಲಕ್ಕೆ ಬನ್ನಿ. ನಮ್ಮ ಕರಿ ಮಣ್ಣಿನಲ್ಲಿ ಬಿಳಿಯ, ಗಂಟುಗಂಟಾದ ಸುಣ್ಣದ ಹರಳು ಸಿಗುತ್ತದೆ. ಅದರ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲಿನಲ್ಲೂ ಇರುವುದು ಅದೇ. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟರೆ ಅದು ಒಡೆಯುತ್ತದೆ:

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

ಒಂದು ವಸ್ತು ಎರಡಾಯಿತು. ಇದು ವಿಭಜನೆ. ಶಾಖ ಕೊಡುತ್ತಲೇ ಇರಬೇಕು, ಬೆಂಕಿ ಆರಿದರೆ ಕ್ರಿಯೆಯೂ ನಿಲ್ಲುತ್ತದೆ. ಹಾಗಾಗಿ ಇದು ಅಂತರುಷ್ಣಕ. ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ ಇಲ್ಲಿ ಇಲ್ಲ. ಮೂರು ಪ್ರಶ್ನೆ, ಮೂರು ಉತ್ತರ. ವಿಭಜನೆಗೆ ಬೇಕಾದ ಶಕ್ತಿ ಶಾಖದ ರೂಪದಲ್ಲೇ ಬರಬೇಕೆಂದಿಲ್ಲ. ಬೆಳಕು ಬಿದ್ದರೆ ಸಿಲ್ವರ್ ಕ್ಲೋರೈಡ್ ಒಡೆಯುತ್ತದೆ, ವಿದ್ಯುತ್ ಹರಿಸಿದರೆ ನೀರು ಒಡೆಯುತ್ತದೆ.

ಭಟ್ಟಿಯಿಂದ ಬಂದ ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಅದು ಕೊತಕೊತ ಕುದಿದು ಅರಳುತ್ತದೆ:

ಕ್ಯಾಲ್ಸಿಯಂ ಆಕ್ಸೈಡ್ + ನೀರು → ಕ್ಯಾಲ್ಸಿಯಂ ಹೈಡ್ರಾಕ್ಸೈಡ್

ಎರಡು ಕೂಡಿ ಒಂದಾದದ್ದರಿಂದ ಸಂಯೋಗ. ಕೆಳಗೆ ಬೆಂಕಿಯಿಲ್ಲದೆ ನೀರು ಕುದಿದದ್ದರಿಂದ ಬಹಿರುಷ್ಣಕ. ಮಕ್ಕಳು ಹೆದರುವ ಪ್ರಶ್ನೆಗೆ ಉತ್ತರ ಇದೇ. ಜೋಡಣೆಯನ್ನು ಕೇಳಿದರೆ ಸಂಯೋಗ, ಶಾಖವನ್ನು ಕೇಳಿದರೆ ಬಹಿರುಷ್ಣಕ. ಎರಡರಲ್ಲಿ ಒಂದನ್ನು ಆಯ್ದುಕೊಳ್ಳುವ ಅಗತ್ಯವೇ ಇಲ್ಲ.

ಅರಳಿದ ಸುಣ್ಣವನ್ನು ಗೋಡೆಗೆ ಬಳಿಯುತ್ತೇವೆ. ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಅದು ನಿಧಾನವಾಗಿ ಹೀರಿ, ಎರಡು ಮೂರು ದಿನಗಳಲ್ಲಿ ಗೋಡೆಯ ಮೇಲೆ ಗಟ್ಟಿಯಾದ ಹೊಳಪಿನ ಪದರ ಮೂಡಿಸುತ್ತದೆ:

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಕಾರ್ಬನ್ ಡೈಆಕ್ಸೈಡ್ → ಕ್ಯಾಲ್ಸಿಯಂ ಕಾರ್ಬೊನೇಟ್ + ನೀರು

ಈಗ ತೂಕ ನೋಡೋಣ. 100 ಗ್ರಾಂ ಶುದ್ಧ ಸುಣ್ಣದ ಕಲ್ಲು ಪೂರ್ತಿ ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ, 44 ಗ್ರಾಂ ಅನಿಲವಾಗಿ ಹೋಗುತ್ತದೆ. ಆ 56 ಗ್ರಾಂ 18 ಗ್ರಾಂ ನೀರನ್ನು ಹಿಡಿದು 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಗೋಡೆಯ ಮೇಲೆ ಅದು 44 ಗ್ರಾಂ ಕಾರ್ಬನ್ ಡೈಆಕ್ಸೈಡನ್ನು ಗಾಳಿಯಿಂದ ಮರಳಿ ಪಡೆದು, 18 ಗ್ರಾಂ ನೀರನ್ನು ಬಿಟ್ಟು, ಮತ್ತೆ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಎಲ್ಲೂ ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆಯಿಲ್ಲ. ಫ್ರಾನ್ಸಿನ ಲಾವೋಸಿಯೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ತಕ್ಕಡಿ ಹಿಡಿದು ತೋರಿಸಿಕೊಟ್ಟ ರಾಶಿ ಸಂರಕ್ಷಣೆಯ ನಿಯಮ ಇದು. ಸಮೀಕರಣವನ್ನು ಸರಿದೂಗಿಸಿರಿ ಎಂದು ಶಿಕ್ಷಕರು ಒತ್ತಾಯಿಸುವುದು ಇದಕ್ಕಾಗಿಯೇ.

ಈ ಕೊನೆಯ ಸಮೀಕರಣ ಯಾವ ಜಾತಿಗೆ ಸೇರುತ್ತದೆ? ಸಂಯೋಗವೆನ್ನೋಣವೆಂದರೆ ಉತ್ಪನ್ನ ಎರಡಿವೆ, ವಿಭಜನೆಯಂತೂ ಅಲ್ಲ. ಜೋಡಣೆಯ ನಾಲ್ಕು ಹೆಸರುಗಳಲ್ಲಿ ಇದು ನೇರವಾಗಿ ಕೂರುವುದಿಲ್ಲ. ಆಮ್ಲೀಯ ಆಕ್ಸೈಡೊಂದು ಕ್ಷಾರದೊಡನೆ ಸೇರಿ ಲವಣ ಮತ್ತು ನೀರು ಕೊಟ್ಟ ಕ್ರಿಯೆ ಇದು. ಪ್ರಕೃತಿ ನಮ್ಮ ಪಟ್ಟಿಯನ್ನು ನೋಡಿ ನಡೆಯುವುದಿಲ್ಲ. ಪಟ್ಟಿಗೆ ಸೇರದ ಕ್ರಿಯೆ ಸಿಕ್ಕಾಗ ಅದನ್ನು ಬಲವಂತವಾಗಿ ತುರುಕಬೇಡಿ. ಏನಾಯಿತೆಂದು ಬರೆಯಿರಿ, ಸಾಕು.

ಅರಿಸಿನ, ಲಿಂಬೆ, ಆಮ್ಲ, ಕ್ಷಾರ

ಸುಣ್ಣದ ಮಾತು ಬಂದಾಗ ಅರಿಸಿನವನ್ನು ಬಿಡುವಂತಿಲ್ಲ. ಆರತಿಗೆ ಅರಿಸಿನದ ನೀರಿಗೆ ಸುಣ್ಣ ಕದಡಿ ಓಕುಳಿ ಮಾಡುವುದು ಪ್ರತಿ ಮನೆಯ ಹೆಣ್ಣುಮಕ್ಕಳಿಗೂ ಗೊತ್ತು. ಹಳದಿ ನೀರು ಕೆಂಪಾಗುವುದು ಸುಣ್ಣ ಕ್ಷಾರವಾದ್ದರಿಂದ. ಅದೇ ಕೆಂಪು ನೀರಿಗೆ ಲಿಂಬೆರಸ ಹಿಂಡುತ್ತ ಹೋಗಿ, ಒಂದು ಹಂತದಲ್ಲಿ ಅದು ಮತ್ತೆ ಹಳದಿಯಾಗುತ್ತದೆ. ಲಿಂಬೆಯ ಸಿಟ್ರಿಕ್ ಆಮ್ಲವೂ ಸುಣ್ಣದ ಕ್ಷಾರವೂ ಒಂದನ್ನೊಂದು ತಟಸ್ಥಗೊಳಿಸಿ ಲವಣ ಮತ್ತು ನೀರನ್ನು ಕೊಟ್ಟವು. ಪ್ರಯೋಗಶಾಲೆಯೇ ಇಲ್ಲದ ಶಾಲೆಯಲ್ಲೂ ತಟಸ್ಥೀಕರಣವನ್ನು ಹೀಗೆ ಕಣ್ಣಾರೆ ತೋರಿಸಬಹುದು.

ಎರೆ ಹೊಲದ ಸುಣ್ಣದ ಹರಳನ್ನು ತೊಳೆದು, ಪುಡಿ ಮಾಡಿ, ಅದರ ಮೇಲೂ ಲಿಂಬೆರಸ ಬಿಡಿ. ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಕಾರ್ಬನ್ ಡೈಆಕ್ಸೈಡ್. ಮಸಾರಿ ಹೊಲದ ಕೆಂಪು ಮಣ್ಣಿಗೂ ಹಾಗೆಯೇ ಬಿಟ್ಟು ನೋಡಿ, ಎರಡನ್ನೂ ಹೋಲಿಸಿ. ಯಾವ ಮಣ್ಣಿನಲ್ಲಿ ಕಾರ್ಬೊನೇಟ್ ಹೆಚ್ಚಿದೆ ಎಂಬುದು ನಿಮಗೇ ತಿಳಿಯುತ್ತದೆ.

ಕುಡುಗೋಲಿನ ಪರೀಕ್ಷೆ

ಸ್ಥಾನಪಲ್ಲಟಕ್ಕೆ ಪುಸ್ತಕ ಕೊಡುವ ಉದಾಹರಣೆ ಕಬ್ಬಿಣದ ಮೊಳೆ ಮತ್ತು ಕಾಪರ್ ಸಲ್ಫೇಟ್, ಅಂದರೆ ನಾವು ಮೈಲುತುತ್ತ ಎನ್ನುವ ನೀಲಿ ಹರಳು. ಉಜ್ಜಿ ಸ್ವಚ್ಛ ಮಾಡಿದ ಮೊಳೆಯನ್ನು ಮೈಲುತುತ್ತದ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಮೊಳೆಯ ಮೇಲೆ ಕಂದುಗೆಂಪು ತಾಮ್ರ ಕೂರುತ್ತದೆ, ನೀರಿನ ನೀಲಿ ಮಾಸುತ್ತದೆ:

ಕಬ್ಬಿಣ + ಕಾಪರ್ ಸಲ್ಫೇಟ್ → ಫೆರಸ್ ಸಲ್ಫೇಟ್ + ತಾಮ್ರ

ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ಅದು ದ್ರಾವಣದೊಳಗೆ ಇಳಿದು ತಾಮ್ರವನ್ನು ಹೊರಗೆ ಹಾಕುತ್ತದೆ. ತಾಮ್ರದ ತಂತಿಯನ್ನು ಫೆರಸ್ ಸಲ್ಫೇಟಿನಲ್ಲಿ ಇಟ್ಟರೆ ಏನೂ ಆಗುವುದಿಲ್ಲ. ಕ್ರಿಯಾಶೀಲತೆಯ ಸರಣಿ ಈ ಒಮ್ಮುಖದ ನಡೆಯನ್ನೇ ಹೇಳುತ್ತದೆ. ಮೂರನೆಯ ಪ್ರಶ್ನೆಯನ್ನೂ ಕೇಳೋಣ. ಕಬ್ಬಿಣದ ಪ್ರತಿ ಪರಮಾಣು ಎರಡು ಎಲೆಕ್ಟ್ರಾನ್ ಕಳೆದುಕೊಂಡಿತು, ತಾಮ್ರದ ಪ್ರತಿ ಅಯಾನು ಎರಡನ್ನು ಪಡೆಯಿತು. ಕಬ್ಬಿಣಕ್ಕೆ ಉತ್ಕರ್ಷಣ, ತಾಮ್ರಕ್ಕೆ ಅಪಕರ್ಷಣ. ಆದ್ದರಿಂದ ಇದು ಸ್ಥಾನಪಲ್ಲಟವೂ ಹೌದು, ರೆಡಾಕ್ಸ್ ಕ್ರಿಯೆಯೂ ಹೌದು.

ಈ ಮೊಳೆಯ ಪ್ರಯೋಗವನ್ನು ನಮ್ಮ ರೈತರು ಹೊಲದಲ್ಲೇ ಮಾಡುತ್ತ ಬಂದಿದ್ದಾರೆ. ಅಡಿಕೆ, ದ್ರಾಕ್ಷಿ ತೋಟಗಳಿಗೆ ಶಿಲೀಂಧ್ರ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಕಂಡುಕೊಂಡ ಈ ಔಷಧವನ್ನು ಮಿಲ್ಲಾರ್ಡೆ 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ 1910ರಲ್ಲಿ ಗ್ರಂಥ ಬರೆದು, ಬೋರ್ಡೋ ಸಿಂಪಡಣೆಯನ್ನು ಮಲೆನಾಡಿನ ತೋಟಗಳಿಗೆ ತಂದರು. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸರಳವಾಗಿ ಬರೆದರೆ ಅಲ್ಲಿ ನಡೆಯುವುದು ಇದು:

ಕಾಪರ್ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ಕಾಪರ್ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ತಾಮ್ರ ಸಲ್ಫೇಟನ್ನು ಬಿಟ್ಟು ಹೈಡ್ರಾಕ್ಸೈಡಿನ ಜೊತೆ ಹೋಯಿತು, ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಬಿಟ್ಟು ಸಲ್ಫೇಟಿನ ಜೊತೆ ಬಂತು. ಇದು ದ್ವಿಸ್ಥಾನಪಲ್ಲಟ. ನೀಲಿಯ ಪ್ರಕ್ಷೇಪ ದ್ರಾವಣದಲ್ಲಿ ತೇಲುತ್ತದೆ, ಎಲೆಗೆ ಅಂಟಿ ಉಳಿಯುವುದು ಅದೇ. ಇಲ್ಲಿ ಯಾವ ಅಯಾನೂ ಎಲೆಕ್ಟ್ರಾನ್ ಕೊಡಲೂ ಇಲ್ಲ, ಪಡೆಯಲೂ ಇಲ್ಲ.

ಸುಣ್ಣ ಕಡಿಮೆಯಾದರೆ ಕ್ರಿಯೆಗೆ ಸಿಗದ ತಾಮ್ರ ದ್ರಾವಣದಲ್ಲಿ ಉಳಿದು ಎಲೆಯನ್ನು ಸುಡುತ್ತದೆ. ಅದನ್ನು ತಿಳಿಯುವುದು ಹೇಗೆ? ಉಜ್ಜಿದ ಕುಡುಗೋಲನ್ನೋ ಚಾಕುವನ್ನೋ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕಂದುಗೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣದ ಹಾಲು ಸೇರಿಸಬೇಕು, ಅಲಗು ಹಾಗೆಯೇ ಇದ್ದರೆ ಹೊಡೆಯಲು ಅಡ್ಡಿಯಿಲ್ಲ. ದ್ವಿಸ್ಥಾನಪಲ್ಲಟ ಪೂರ್ತಿಯಾಗಿದೆಯೆ ಎಂಬುದನ್ನು ಸ್ಥಾನಪಲ್ಲಟದಿಂದ ಪರೀಕ್ಷಿಸುವ ವಿಧಾನ ಇದು. ಈ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಎನ್ನುವ ಎಚ್ಚರಿಕೆಗೂ ಕಾರಣ ಅದೇ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ವ್ಯತ್ಯಾಸ ತೋಟದಲ್ಲಿ ಒಂದು ವರ್ಷದ ಬೆಳೆಯನ್ನು ಉಳಿಸುತ್ತದೆ.

ಕಪ್ಪತಗುಡ್ಡದ ಕೆಂಪು

ಕಪ್ಪತಗುಡ್ಡದ ಒಡಲಲ್ಲಿ ಕಬ್ಬಿಣದ ಅದಿರಿದೆ. ಅದಿರಿನ ಕೆಂಪೂ ಮಸಾರಿ ಮಣ್ಣಿನ ಕೆಂಪೂ ಕಬ್ಬಿಣದ ಆಕ್ಸೈಡಿನಿಂದಲೇ ಬಂದವು. ಮನೆಯ ಬಾಗಿಲ ಚಿಲಕದ ತುಕ್ಕಿನಲ್ಲಿರುವುದೂ ನೀರು ಹಿಡಿದ ಕಬ್ಬಿಣದ ಆಕ್ಸೈಡೇ. ಕಬ್ಬಿಣ ತುಕ್ಕು ಹಿಡಿಯಲು ಗಾಳಿಯ ಆಮ್ಲಜನಕ ಮತ್ತು ನೀರು ಎರಡೂ ಬೇಕು. ಎಣ್ಣೆ ಸವರಿದರೆ, ಬಣ್ಣ ಬಳಿದರೆ, ಸತು ಲೇಪಿಸಿದರೆ ತುಕ್ಕು ನಿಲ್ಲುವುದು ಇವೆರಡೂ ಕಬ್ಬಿಣವನ್ನು ಮುಟ್ಟದಂತೆ ತಡೆಯುವುದರಿಂದ.

ಅದಿರನ್ನು ಮತ್ತೆ ಕಬ್ಬಿಣ ಮಾಡಲು ಆಮ್ಲಜನಕವನ್ನು ಕಿತ್ತುಕೊಳ್ಳಬೇಕು. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣ ತೆಗೆಯಲು ಶುರು ಮಾಡಿದಾಗ ಊದುಕುಲುಮೆಗೆ ಹಾಕಿದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲು. ಇದ್ದಿಲಿನಿಂದ ಹುಟ್ಟಿದ ಕಾರ್ಬನ್ ಮೊನಾಕ್ಸೈಡ್ ಅದಿರಿನ ಆಮ್ಲಜನಕವನ್ನು ಪಡೆದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಕಬ್ಬಿಣ ಉಳಿಯುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಉತ್ಕರ್ಷಣ, ಅದಿರಿಗೆ ಅಪಕರ್ಷಣ. ಒಂದು ಕೊಡದೆ ಇನ್ನೊಂದು ಪಡೆಯಲಾರದು. ಶುದ್ಧ ಹೆಮಟೈಟ್ ಅದಿರಿನ ತೂಕದಲ್ಲಿ ಶೇಕಡಾ 70 ಕಬ್ಬಿಣ, ಉಳಿದ 30 ಆಮ್ಲಜನಕ.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಅದಿರನ್ನು ಕರಗಿಸುವ ರಸಾಯನ ವಿಜ್ಞಾನ ನಮಗೆ ಗೊತ್ತಿದೆ. ಗುಡ್ಡದ ಔಷಧಿ ಗಿಡಗಳೊಳಗೆ ನಡೆಯುವ ರಸಾಯನ ವಿಜ್ಞಾನದಲ್ಲಿ ತಿಳಿಯಬೇಕಾದದ್ದು ಇನ್ನೂ ಬಹಳ ಇದೆ. ಗಣಿಗಾರಿಕೆಗೆ ತುತ್ತಾಗದೆ ಗುಡ್ಡ ಗುಡ್ಡವಾಗಿಯೇ ಉಳಿಯಲೆಂದು ಹೋರಾಡಿದವರು ಆ ಕಲಿಕೆಯನ್ನೂ ನಮಗಾಗಿ ಉಳಿಸಿದ್ದಾರೆ.

ನಮ್ಮ ಕೊಡದ ನೀರು

ಇನ್ನು ಈ ತಾಲೂಕಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ಮುಂಡರಗಿ ತಾಲೂಕಿನ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಲ್ಲಿ 1.5 ಮಿಲಿಗ್ರಾಂ ತನಕ ಒಪ್ಪಬಹುದು. ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಬೀಳುತ್ತದೆ. ಹಲವು ವರ್ಷ ಕುಡಿದರೆ ಮೂಳೆ, ಕೀಲುಗಳು ಬಿಗಿದುಕೊಳ್ಳುತ್ತವೆ.

ಇದೂ ರಾಸಾಯನಿಕ ಕ್ರಿಯೆಯ ಫಲವೇ. ಬಂಡೆಯ ಖನಿಜಗಳಲ್ಲಿ ಕ್ಯಾಲ್ಸಿಯಂ ಫ್ಲೋರೈಡ್ ಇರುತ್ತದೆ. ಅದು ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಆದರೆ ಅಂತರ್ಜಲದಲ್ಲಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿದ್ದರೆ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಕೆಳಗೆ ಕೂರುತ್ತದೆ, ಫ್ಲೋರೈಡ್ ಸೋಡಿಯಂ ಜೊತೆ ನೀರಿನಲ್ಲಿ ಉಳಿಯುತ್ತದೆ. ಕ್ಯಾಲ್ಸಿಯಂ ತನ್ನ ಸಂಗಾತಿಯನ್ನು ಬದಲಿಸಿದ್ದರಿಂದ ಫ್ಲೋರೈಡಿಗೆ ಬಿಡುಗಡೆ ಸಿಕ್ಕಿತು. ಬೋರ್ಡೋ ದ್ರಾವಣದಲ್ಲಿ ಕಂಡ ಅದೇ ಬಗೆಯ ಅದಲು ಬದಲು ಇಲ್ಲಿ ನೆಲದೊಳಗೆ ನಡೆಯುತ್ತದೆ.

ಪರಿಹಾರವನ್ನೂ ಇದೇ ವಿಜ್ಞಾನದ ಬೆಳಕಿನಲ್ಲಿ ಅಳೆದು ನೋಡಬೇಕು. ನೀರು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಉಪಯೋಗವಿಲ್ಲ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ ನಲಗೊಂಡ ವಿಧಾನದಲ್ಲಿ ನೀರಿಗೆ ಸುಣ್ಣವನ್ನೂ ಪಟಿಕವನ್ನೂ ಲೆಕ್ಕದಂತೆ ಹಾಕುತ್ತಾರೆ. ಪಟಿಕದಿಂದ ಹುಟ್ಟುವ ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಹಗುರ ಮುದ್ದೆಗಳು ಫ್ಲೋರೈಡನ್ನು ಹಿಡಿದು ತಳಕ್ಕೆ ಇಳಿಯುತ್ತವೆ. ಇದು ರಾಸಾಯನಿಕ ಕ್ರಿಯೆಯ ದಾರಿ. ಊರೂರಿನ ಶುದ್ಧ ನೀರಿನ ಘಟಕಗಳಲ್ಲಿ ಒತ್ತಡ ಕೊಟ್ಟು ನೀರನ್ನು ಸೂಕ್ಷ್ಮ ಪೊರೆಯ ಮೂಲಕ ತಳ್ಳುತ್ತಾರೆ. ಅಲ್ಲಿ ಹೊಸ ವಸ್ತು ಹುಟ್ಟುವುದಿಲ್ಲ, ಅದು ಭೌತ ವಿಧಾನ. ಈ ಎರಡರ ವ್ಯತ್ಯಾಸ ಬಲ್ಲ ಹುಡುಗಿಯೊಬ್ಬಳು, ನೀರು ಕುದಿಸಿಯೇ ಕುಡಿಯುತ್ತೇವೆ, ಭಯವಿಲ್ಲ ಎಂದು ಕುಳಿತ ತನ್ನ ಮನೆಯವರಿಗೆ ಸರಿಯಾದ ಮಾತು ಹೇಳಬಲ್ಲಳು. ನಾನು ಕೇಳುವ ಶಿಕ್ಷಣ ಅದು.

ಶಿಕ್ಷಕರಲ್ಲಿ, ದಾನಿಗಳಲ್ಲಿ, ಮಕ್ಕಳಲ್ಲಿ

ಬೆಳ್ಳಾವೆ ವೆಂಕಟನಾರಣಪ್ಪನವರು ತಮ್ಮ ಗೆಳೆಯರೊಡನೆ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿ ವಿಜ್ಞಾನವನ್ನು ಕನ್ನಡದಲ್ಲಿ ಹೇಳಿದರು. ಆ ಕೆಲಸಕ್ಕೆ ನೂರು ವರ್ಷ ದಾಟಿದೆ. ಈಗ ಆಗಬೇಕಾದದ್ದು ವಿಜ್ಞಾನವನ್ನು ಕನ್ನಡ ಶಾಲೆಗಳಲ್ಲಿ ಮಾಡಿ ತೋರಿಸುವುದು.

ಶಿಕ್ಷಕ ಮಿತ್ರರೆ, ಮೊದಲು ಪ್ರಯೋಗ ಮಾಡಿ, ಆಮೇಲೆ ಮಾತಿನಲ್ಲಿ ಸಮೀಕರಣ ಬರೆಸಿ, ಕೊನೆಗೆ ಸಂಕೇತಗಳಿಗೆ ಬನ್ನಿ. ಹೆಸರು ಕೊನೆಯಲ್ಲಿ ಬರಲಿ. ಮೈಲುತುತ್ತ ವಿಷ, ಅದನ್ನು ಮುಟ್ಟಿದ ಮೇಲೆ ಕೈ ತೊಳೆಸಿ. ಸುಣ್ಣ ಅರಳಿಸುವ ಪ್ರಯೋಗವನ್ನು ನೀವೇ ಮಾಡಿ ತೋರಿಸಿ, ಮಕ್ಕಳನ್ನು ದೂರ ನಿಲ್ಲಿಸಿ. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಬ್ಲೀಚಿಂಗ್ ಪೌಡರ್ ಮತ್ತು ಶೌಚಾಲಯ ತೊಳೆಯುವ ಆಸಿಡ್ಡನ್ನು ಎಂದೂ ಕೂಡಿಸಬಾರದೆಂದು ಪ್ರತಿ ಮಗುವಿಗೂ ಹೇಳಿ. ಅವು ಕೂಡಿದರೆ ಹೊರಬರುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ.

ದಾನಿಗಳೆ, ಇಂದು ನಾನು ಹೇಳಿದ ಪ್ರಯೋಗಗಳಿಗೆ ಬೇಕಾದದ್ದು ಸುಣ್ಣ, ಅರಿಸಿನ, ಲಿಂಬೆ, ಮೊಳೆ, ಮೈಲುತುತ್ತ, ಕೆಲವು ಗಾಜಿನ ಲೋಟಗಳು ಮತ್ತು ಒಂದು ತಕ್ಕಡಿ. ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಒಂದು ಶಾಲೆಗೆ ಇಂಥ ಪೆಟ್ಟಿಗೆ ಕೊಡಲು ಮೀಸಲಿಡಿ ಎಂದು ಬೇಡುತ್ತೇನೆ. ಅದರ ಜೊತೆ ಪ್ರತಿ ಶಾಲೆಯ ಕುಡಿಯುವ ನೀರಿನ ಫ್ಲೋರೈಡನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಬಂದ ಅಂಕಿಯನ್ನು ಶಾಲೆಯ ಗೋಡೆಯ ಮೇಲೆ ಬರೆಸಿ.

ವಿದ್ಯಾರ್ಥಿಗಳೆ, ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರೇ ಪ್ರಶ್ನೆ ಬರೆದುಕೊಳ್ಳಿ: ಜೋಡಣೆ ಹೇಗೆ ಬದಲಾಯಿತು? ಶಾಖ ಎತ್ತ ಹೋಯಿತು? ಎಲೆಕ್ಟ್ರಾನ್ ಯಾರಿಂದ ಯಾರಿಗೆ ಸೇರಿತು? ಅಡುಗೆಮನೆಯಲ್ಲಿ, ಹೊಲದಲ್ಲಿ, ನೀರಿನ ಟಾಕಿಯ ಬಳಿ, ಎಲ್ಲಿ ಬದಲಾವಣೆ ಕಂಡರೂ ಈ ಮೂರನ್ನು ಕೇಳಿ. ಉತ್ತರ ತಿಳಿಯದಿದ್ದರೆ ನಿಮ್ಮ ಶಿಕ್ಷಕರನ್ನು ಕೇಳಿ, ಅವರ ಜೊತೆ ಸೇರಿ ಪ್ರಯೋಗ ಮಾಡಿ ನೋಡಿ. ಹೀಗೆ ಕೇಳುವುದನ್ನು ಪರೀಕ್ಷೆ ಮುಗಿದ ಮೇಲೂ ಬಿಡಬೇಡಿ.